ಹಳೆ ಮಾರುತಿಯ ಆಕ್ಸಲ್: ಕಟಕಟ ಅನ್ನುವ ಮೊದಲೇ ರಬ್ಬರ್ ಬೂಟು ನೋಡಿ

ನಮ್ಮ ಮನೆಯ ಮಾರುತಿ 800 ಅಪ್ಪ 1998ರಲ್ಲಿ ತಗೊಂಡಿದ್ದು. ಅವರು ತೀರಿಕೊಂಡ ಮೇಲೆ ನಾನೇ ಓಡಿಸುತ್ತಿದ್ದೇನೆ. ತೀರ್ಥಹಳ್ಳಿಯ ಟಾರು ರಸ್ತೆ ಬಿಟ್ಟು ನಮ್ಮ ಅಂಗಳ ಮುಟ್ಟಲು ಒಂದೂವರೆ ಕಿಲೋಮೀಟರ್ ಮಣ್ಣುದಾರಿ, ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಕೆಂಪು ಕೆಸರು, ಬೇಸಿಗೆಯಲ್ಲಿ ದರಗು, ಬಿದಿರು ಮುಳ್ಳು, ಬಿದ್ದ ಸೋಗೆ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ಸರಳು, ಅಂದರೆ ಡ್ರೈವ್ ಶಾಫ್ಟ್, ಏನು ಅಂತ ಈ ದಾರಿಯೇ ನನಗೆ ಕಲಿಸಿದ್ದು. ನಮ್ಮ ಕಡೆ ಗ್ಯಾರೇಜಿನವರು ಅದನ್ನು ಆಕ್ಸಲ್ ಅಂತಲೇ ಕರೆಯುತ್ತಾರೆ.

ಒಮ್ಮೆ ಅಮ್ಮನನ್ನು ಉಡುಪಿಗೆ ಕರೆದುಕೊಂಡು ಹೋಗಿದ್ದೆ. ಆಗುಂಬೆ ಘಾಟಿ ಇಳಿಯುವಾಗ ಏನೂ ಇರಲಿಲ್ಲ. ಸಂಜೆ ಸೋಮೇಶ್ವರದಿಂದ ಹತ್ತಲು ಶುರುಮಾಡಿದ ಮೇಲೆ ಪ್ರತಿ ತಿರುವಿನಲ್ಲೂ ಮುಂದಿನ ಚಕ್ರದ ಹತ್ತಿರ ಕಟಕಟಕಟ. ಸ್ಟೇರಿಂಗ್ ನೇರ ಆದ ಕೂಡಲೇ ಶಬ್ದ ಮಾಯ. ಒಂದು ಗ್ಯಾರೇಜಿನಲ್ಲಿ ವೀಲ್ ಬೇರಿಂಗ್ ಹೋಗಿದೆ ಅಂದರು. ಹಾಕಿಸಿದೆ, ಶಬ್ದ ಹಾಗೇ ಇತ್ತು. ಇಳಿಯುವಾಗ ಇಲ್ಲದ ಶಬ್ದ ಹತ್ತುವಾಗ ಯಾಕೆ ಬಂತು ಅಂತ ಅವತ್ತೇ ಯೋಚಿಸಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಬೇರಿಂಗಿಗೆ ಏರು, ಇಳಿಜಾರು ಎಂಬ ಭೇದ ಅಷ್ಟಿಲ್ಲ. ಎಂಜಿನ್ ಚಕ್ರವನ್ನು ಬಲವಾಗಿ ತಿರುಗಿಸುವಾಗ, ಅದೂ ಚಕ್ರ ಓರೆಯಾಗಿದ್ದಾಗ, ಒದ್ದಾಡುವುದು ಸಿವಿ ಜಾಯಿಂಟ್, ಅಂದರೆ ಆಕ್ಸಲಿನ ತುದಿಯಲ್ಲಿರುವ ಕೀಲು.

ಮಾರುತಿ 800ರಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಗೇರ್‌ಬಾಕ್ಸಿನಿಂದ ಎಡಕ್ಕೊಂದು, ಬಲಕ್ಕೊಂದು ಶಾಫ್ಟ್. ಚಕ್ರದ ಕಡೆಯ ಜಾಯಿಂಟಿನೊಳಗೆ ಆರು ಉಕ್ಕಿನ ಗುಂಡುಗಳು ಕೊರೆದ ಜಾಡುಗಳಲ್ಲಿ ಕೂತಿರುತ್ತವೆ. ಚಕ್ರ ಎಷ್ಟು ತಿರುಗಿಕೊಂಡರೂ ವೇಗ ಏರುಪೇರಾಗದ ಹಾಗೆ ಬಲ ದಾಟಿಸುವುದು ಇವುಗಳ ಕೆಲಸ. ಗೇರ್‌ಬಾಕ್ಸಿನ ಕಡೆ ಮೂರು ರೋಲರಿನ ಇನ್ನೊಂದು ಜಾಯಿಂಟ್. ಚಕ್ರ ಗುಂಡಿಗೆ ಇಳಿದು ಎದ್ದಾಗ ಅದು ಒಳಗೂ ಹೊರಗೂ ಜಾರಿ ಕೊಡುತ್ತದೆ. ಎರಡಕ್ಕೂ ಮೇಲೆ ನೆರಿಗೆ ನೆರಿಗೆಯ ರಬ್ಬರ್ ಬೂಟು, ಒಳಗೆ ಗ್ರೀಸು. ಬೂಟು ಹರಿದರೆ ಚಕ್ರ ತಿರುಗಿದಂತೆ ಗ್ರೀಸು ಹೊರಕ್ಕೆ ಎರಚುತ್ತದೆ, ಆ ಜಾಗಕ್ಕೆ ಕೆಸರು, ನೀರು ಹೋಗುತ್ತದೆ. ಉಕ್ಕಿನ ಜಾಯಿಂಟು ತಾನಾಗಿ ಕೆಡುವುದು ಕಡಿಮೆ, ರಬ್ಬರು ಹರಿದೇ ಕೆಡುವುದು ಹೆಚ್ಚು.

ಶಬ್ದ ಗುರುತಿಸಲು ಖಾಲಿ ಮೈದಾನ ಬೇಕು. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ, ಕಿಟಕಿ ಇಳಿಸಿ, ಒಂದನೇ ಗೇರಿನಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಸುತ್ತು ಹೊಡೆಯಿರಿ. ಆಮೇಲೆ ಎಡಕ್ಕೆ. ಬಲಕ್ಕೆ ಸುತ್ತುವಾಗ ಕಟಕಟ ಜೋರಾದರೆ ಸಾಮಾನ್ಯವಾಗಿ ಎಡಚಕ್ರದ ಜಾಯಿಂಟು, ಎಡಕ್ಕಾದರೆ ಬಲದ್ದು. ಯಾವಾಗಲೂ ಹಾಗೇ ಅಂತಿಲ್ಲ, ಆದ್ದರಿಂದ ಕೆಳಗೆ ಬಗ್ಗಿ ನೋಡದೆ ಸಾಮಾನು ತರಬೇಡಿ. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮೈಯೆಲ್ಲ ನಡುಗಿ, ಕಾಲು ತೆಗೆದ ಕೂಡಲೇ ನಿಂತರೆ ಒಳಗಿನ ಜಾಯಿಂಟಿನ ಮೇಲೆ ಅನುಮಾನ ಪಡಿ. ಆಕ್ಸಿಲರೇಟರ್ ಒತ್ತಲಿ ಬಿಡಲಿ, ಒಂದು ವೇಗದಲ್ಲಿ ಮಾತ್ರ ಸ್ಟೇರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್ ನೋಡಿಸಿ. ವೇಗದ ಜೊತೆ ಏರುತ್ತಾ ಹೋಗುವ ಗುಂಯ್ ಶಬ್ದ ಬೇರಿಂಗಿನದು. ಮುಂದಿನ ಗೇರಿನಿಂದ ರಿವರ್ಸಿಗೆ ಹಾಕುವಾಗ ಒಂದೇ ಒಂದು ಟಕ್ ಬಂದರೆ ಎಂಜಿನ್ ಮೌಂಟಿಂಗಿನ ರಬ್ಬರು ಮೊದಲು ನೋಡಿ. ಹಳೆ ಗಾಡಿಗಳಲ್ಲಿ ಅದೂ ಸವೆದಿರುತ್ತದೆ.

ಈಗ ಕೆಳಗೆ. ಸ್ಟೇರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಬೂಟಿನ ನೆರಿಗೆ ಬಿಚ್ಚಿಕೊಳ್ಳುತ್ತದೆ. ಪ್ರತಿ ನೆರಿಗೆಯ ಸಂದಿಗೆ ಬೆರಳು ಹಾಕಿ ಒತ್ತಿ, ಬಿರುಕು ಅಲ್ಲೇ ಅಡಗಿರುತ್ತದೆ. ರಿಮ್ಮಿನ ಒಳಮೈ, ಸಸ್ಪೆನ್ಷನ್ ಮೇಲೆ ಬಳೆಯ ಹಾಗೆ ಕಪ್ಪು ಗ್ರೀಸು ಎರಚಿದ್ದರೆ ಬೂಟು ಹರಿದಿದೆ ಅಂತಲೇ ಅರ್ಥ. ನಮ್ಮ ಕೊಟ್ಟಿಗೆಯಲ್ಲಿ ಒಂದು ಸಲ ಇಲಿಯೂ ಕಡಿದಿತ್ತು. ಆ ಗ್ರೀಸನ್ನು ಎರಡು ಬೆರಳಿನ ನಡುವೆ ಉಜ್ಜಿ. ನುಣ್ಣಗಿದ್ದು, ಜಾಯಿಂಟು ಇನ್ನೂ ಶಬ್ದ ಮಾಡುತ್ತಿಲ್ಲವಾದರೆ ತೊಳೆದು ಹೊಸ ಬೂಟು ಹಾಕಿದರೆ ಸಾಕು. ಮರಳು ಮರಳಾಗಿದ್ದು, ಕಟಕಟವೂ ಶುರುವಾಗಿದ್ದರೆ ಎಷ್ಟು ಗ್ರೀಸು ತುಂಬಿದರೂ ಸವೆದ ಜಾಡು ಕೂಡಿಕೊಳ್ಳುವುದಿಲ್ಲ. ಜಾಯಿಂಟನ್ನೋ ಇಡೀ ಶಾಫ್ಟನ್ನೋ ಬದಲಿಸಬೇಕು. 2014ರಲ್ಲಿ ಈ ಕಾರಿನ ತಯಾರಿ ನಿಂತಿದೆ, ಆದರೂ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಕಡೆ ನನಗೆ ಬೇಕಾದ್ದೆಲ್ಲ ಸಿಕ್ಕಿದೆ. ಎಡ, ಬಲ ಬೇರೆ ಬೇರೆ, ಉದ್ದವೂ ಬೇರೆ. ಹಳೆಯದನ್ನು ಪಕ್ಕದಲ್ಲಿಟ್ಟು ಅಳೆದೇ ತನ್ನಿ.

ಬಿಚ್ಚುವ ಕೆಲಸದಲ್ಲಿ ಅರ್ಧ ಶ್ರಮ ಹಬ್ಬಿನ, ಅಂದರೆ ಚಕ್ರ ಕೂರುವ ನಡುಭಾಗದ, ನಟ್ಟಿನದು. ಕಾರು ನೆಲದ ಮೇಲಿರುವಾಗಲೇ ಸ್ಪ್ಲಿಟ್ ಪಿನ್ನು ಕಿತ್ತು ಆ ನಟ್ಟು ಸಡಿಲಿಸಬೇಕು. ನಮ್ಮ ತೇವಕ್ಕೆ ಅದು ತುಕ್ಕು ಹಿಡಿದು ಕೂತಿರುತ್ತದೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮಗಳು ಒಳಗೆ ಕೂತು ಬ್ರೇಕು ತುಳಿದು ಹಿಡಿದಳು. ನಾನು ಪಾನದ ಹಿಡಿಗೆ ತೋಟದ ಮೋಟಾರಿನದೊಂದು ಜಿಐ ಪೈಪಿನ ತುಂಡು ಸಿಕ್ಕಿಸಿ ಮೈಭಾರ ಹಾಕಿದೆ. ಮೂರನೇ ಸಲಕ್ಕೆ ಬಿಟ್ಟಿತು.

ಆಮೇಲೆ ಜಾಕು. ಇಲ್ಲಿ ನನ್ನ ಮಾತು ದಯವಿಟ್ಟು ಕೇಳಿ. ಅಂಗಳದ ಮಣ್ಣು ಗಟ್ಟಿ ಅನ್ನಿಸಿದರೂ ಮಳೆ ಕುಡಿದಿರುತ್ತದೆ, ಜಾಕಿನ ಕೆಳಗೆ ದಪ್ಪ ಹಲಗೆ ಬೇಕೇ ಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬೇಡಿ. ಜಂಬಿಟ್ಟಿಗೆಯನ್ನೋ ಸಿಮೆಂಟ್ ಇಟ್ಟಿಗೆಯನ್ನೋ ಪೇರಿಸಿಡುವುದೂ ಬೇಡ, ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಕಾರಿನ ಭಾರ ಹೊರುವ ಎರಡು ಜಾಕ್ ಸ್ಟ್ಯಾಂಡ್ ಕೊಂಡುಕೊಳ್ಳಿ.

ಚಕ್ರ ಬಿಚ್ಚಿ, ಗೇರ್‌ಬಾಕ್ಸಿನ ಎಣ್ಣೆ ಇಳಿಸಿ. ಲೋವರ್ ಆರ್ಮಿನ ಬಾಲ್ ಜಾಯಿಂಟನ್ನು ಹಿಡಿದ ಬೋಲ್ಟು ತೆಗೆದು ಆರ್ಮನ್ನು ಕೆಳಕ್ಕೆ ಅದುಮಿದರೆ ಹಬ್ಬು ಹೊರಕ್ಕೆ ವಾಲುತ್ತದೆ. ಬ್ರೇಕಿನ ಹೋಸು ಜಗ್ಗದಂತೆ ನೋಡಿಕೊಳ್ಳಿ. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ನೇರ ಹೊಡೆದರೆ ನಟ್ಟು ಕೂರುವ ಮರೆ (ಥ್ರೆಡ್) ಕೆಡುತ್ತದೆ, ನಟ್ಟನ್ನು ತುದಿಯವರೆಗೆ ಮಾತ್ರ ಕೂರಿಸಿ, ಮರದ ತುಂಡು ಅಡ್ಡವಿಟ್ಟು ತಟ್ಟಿ. ಒಳತುದಿಯನ್ನು ಶಾಫ್ಟ್ ಹಿಡಿದು ಎಳೆಯಬಾರದು. ಎಳೆದರೆ ಜಾಯಿಂಟು ಒಳಗೇ ಬಿಟ್ಟುಕೊಳ್ಳುತ್ತದೆ. ಗೇರ್‌ಬಾಕ್ಸಿಗೂ ಜಾಯಿಂಟಿಗೂ ನಡುವೆ ಚಪ್ಪಟೆ ಸಲಾಕೆ ಕೊಟ್ಟು ಮೀಟಿದರೆ ಅದನ್ನು ಒಳಗೆ ಹಿಡಿದಿಟ್ಟ ರಿಂಗು ಟಪ್ ಅಂತ ಬಿಟ್ಟು ಜಾಯಿಂಟು ಹೊರಬರುತ್ತದೆ.

ಹೊರಗಿನ ಜಾಯಿಂಟನ್ನು ಬಿಚ್ಚುವ ಗೋಜಿಗೆ ಹೋಗಬೇಡಿ. ಹೊರಗಿನ ಬೂಟನ್ನೂ ಒಳತುದಿಯಿಂದಲೇ ಹಾಕುವುದು. ಒಳ ಜಾಯಿಂಟಿನ ಬಟ್ಟಲು, ರೋಲರಿನ ತಲೆ, ಶಾಫ್ಟು ಮೂರಕ್ಕೂ ಒಂದೇ ಸಾಲಿನಲ್ಲಿ ಬಣ್ಣದ ಗುರುತು ಹಾಕಿ, ಸರ್‌ಕ್ಲಿಪ್ ತೆಗೆದು, ರೋಲರಿನ ತಲೆಯನ್ನು ಪುಲ್ಲರಿನಿಂದ ಬಿಡಿಸಿ, ಎರಡೂ ಬೂಟು ಜಾರಿಸಿ ತೆಗೆಯಿರಿ. ಡೀಸೆಲಿನಲ್ಲಿ ಜಾಯಿಂಟು ತೊಳೆದ ಮೇಲೆ ಚೆನ್ನಾಗಿ ಒರೆಸಿ ಒಣಗಿಸುವುದು ಮುಖ್ಯ. ಒಳಗೆ ಡೀಸೆಲ್ ಉಳಿದರೆ ಹೊಸ ಗ್ರೀಸು ನೀರಾಗುತ್ತದೆ. ಬೂಟಿನ ಕಿಟ್ಟಿನ ಜೊತೆ ಬರುವ ಗ್ರೀಸನ್ನೇ ಹಾಕಿ, ಹೊರಗಿನದಕ್ಕೆ ಹೊರಗಿನದು, ಒಳಗಿನದಕ್ಕೆ ಒಳಗಿನದು. ಮನೆಯಲ್ಲಿ ಡಬ್ಬಿಯಲ್ಲಿದ್ದ ಸಾದಾ ಗ್ರೀಸು ಈ ಜಾಗದ ಒತ್ತಡ ತಡೆಯುವುದಿಲ್ಲ. ಬೂಟು ಹಿಡಿದಿಡುವ ಪಟ್ಟಿ ಬಿಗಿಯುವ ಮುಂಚೆ ಬೂಟಿನ ಅಂಚನ್ನು ಮೊಂಡು ಕಡ್ಡಿಯಿಂದ ಒಂದಿಷ್ಟು ಎತ್ತಿ ಗಾಳಿ ಸಮ ಮಾಡಿ, ಇಲ್ಲವಾದರೆ ನೆರಿಗೆ ಒಳಕ್ಕೆ ಹೀರಿಕೊಂಡು ಬೇಗ ಹರಿಯುತ್ತದೆ. ಶಾಫ್ಟ್ ಬಿಚ್ಚದೆ ಅಂಟಿಸುವ ಸೀಳು ಬೂಟನ್ನು ನಮ್ಮ ಕೆಸರಿಗೆ ನಾನು ನಂಬುವುದಿಲ್ಲ.

ಬಿಚ್ಚಿದ್ದೇ ಆದರೆ ಗೇರ್‌ಬಾಕ್ಸಿನ ಆಯಿಲ್ ಸೀಲೂ ಹೊಸದು ಹಾಕಿ, ಅದರ ತುಟಿಗೆ ಗ್ರೀಸು ಸವರಿ. ಶಾಫ್ಟ್ ಒಳಗೆ ತಳ್ಳಿದಾಗ ರಿಂಗು ಕೂತ ಸದ್ದು ಕೇಳಬೇಕು, ಕೈಯಲ್ಲಿ ಮೆಲ್ಲಗೆ ಎಳೆದರೆ ಬರಬಾರದು. ಹಬ್ಬಿನ ನಟ್ಟನ್ನು ಚಕ್ರ ನೆಲ ಮುಟ್ಟಿದ ಮೇಲೆ ಮ್ಯಾನ್ಯುವಲ್ ಹೇಳಿದಷ್ಟು ಬಿಗಿ ಮಾಡಿ, ಹೊಸ ಸ್ಪ್ಲಿಟ್ ಪಿನ್ನು ಮಡಚಿ. ಅಂದಾಜಿನಲ್ಲಿ ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಟಾರ್ಕ್ ಪಾನ ಇಲ್ಲವಾದರೆ ಈ ಒಂದು ಕೆಲಸಕ್ಕೆ ಗ್ಯಾರೇಜಿಗೆ ಒಯ್ಯಿರಿ. ಗೇರ್ ಎಣ್ಣೆ ತುಂಬುವುದನ್ನು ಮರೆತು ಹೊರಟರೆ ಗೇರ್‌ಬಾಕ್ಸೇ ಹೋಗುತ್ತದೆ.

ಜೀಪಿನವರಿಗೆ ಎರಡು ಮಾತು. ನಿಮ್ಮದು ಉದ್ದದ ಪ್ರೊಪೆಲ್ಲರ್ ಶಾಫ್ಟು, ಅದರ ತುದಿಗಳಲ್ಲಿ ಕ್ರಾಸು, ಅಂದರೆ ಕೂಡು ಗುರುತಿನ ಆಕಾರದ ಕೀಲು. ನಿಧಾನ ಹೋಗುವಾಗ ಚಿಂವ್ ಚಿಂವ್ ಅಂದರೆ ಕ್ರಾಸಿನ ಸೂಜಿ ಬೇರಿಂಗ್ ಒಣಗಿದೆ, ನಿಪ್ಪಲ್ಲಿಗೆ ಗ್ರೀಸ್ ಗನ್ ಹಿಡಿಯಿರಿ. ಶಾಫ್ಟ್ ಬಿಚ್ಚುವುದಾದರೆ ಜಾರುವ ತುದಿಗೂ ಕೊಳವೆಗೂ ಗುರುತು ಹಾಕಿಯೇ ಬಿಚ್ಚಿ. ಎರಡೂ ತುದಿಯ ಕವಲು ಒಂದೇ ಸಾಲಿನಲ್ಲಿ ಕೂರದಿದ್ದರೆ ಗಾಡಿ ಅದುರುತ್ತದೆ.

ನಾನು ಈಗ ವರ್ಷಕ್ಕೆ ಎರಡು ಸಲ ಬೂಟು ನೋಡುತ್ತೇನೆ: ಮೃಗಶಿರ ಮಳೆ ಹಿಡಿಯುವ ಮೊದಲು, ಆಮೇಲೆ ದೀಪಾವಳಿ ಕಳೆದು ದಾರಿ ಒಣಗಿದಾಗ. ಆಯಿಲ್ ಸೀಲು ಹೊಸದಾಗಿ ಹಾಕಿದ್ದಾದರೆ ರಾತ್ರಿ ಗೇರ್‌ಬಾಕ್ಸಿನ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಎಣ್ಣೆಯ ಹನಿ ಇದ್ದರೆ ಸೀಲು ಓರೆಯಾಗಿ ಕೂತಿದೆ, ಮತ್ತೆ ಬಿಚ್ಚಬೇಕು.