ಮೇ ತಿಂಗಳ ಬಿಸಿಲಿನಲ್ಲಿ ತುಂಬದ ಬ್ಯಾಟರಿ: ನಮ್ಮ ಓಮ್ನಿಯ ಸೋಲಾರ್ ಅನುಭವ

ಹಳೆಯ ಓಮ್ನಿಯ ಹಿಂದಿನ ಸೀಟು ತೆಗೆದು ಇಬ್ಬರು ಮಲಗುವಷ್ಟು ಹಲಗೆ ಹಾಕಿಸಿಕೊಂಡ ಮೇಲೆ, ರಜೆ ಸಿಕ್ಕಾಗಲೆಲ್ಲ ಕಲಬುರಗಿಯಿಂದ ಚಿಂಚೋಳಿಯ ಕಡೆಗೋ ಬೀದರಿನ ಕಡೆಗೋ ಹೊರಟು ಬಂಧುಗಳ ಹೊಲದಲ್ಲಿ ತಂಗುವುದು ನಮ್ಮಿಬ್ಬರಿಗೆ ರೂಢಿಯಾಗಿದೆ. ರಾತ್ರಿಯ ಫ್ಯಾನು, ದೀಪ, ಮೊಬೈಲುಗಳಿಗಾಗಿ ಒಟ್ಟು 11,000 ರೂಪಾಯಿಯಲ್ಲಿ ಸೋಲಾರ್ ಜೋಡಿಸಿಕೊಂಡೆ.

ಕೊಳ್ಳುವ ಮೊದಲು ಬಳಕೆಯ ಲೆಕ್ಕ ಹಾಕಿದ್ದೆ. 12 ವೋಲ್ಟ್‌ನ 15 ವಾಟ್ ಫ್ಯಾನು ಎಂಟು ಗಂಟೆ ತಿರುಗಿದರೆ 120 ವಾಟ್-ಅವರ್, ಉಳಿದುದಕ್ಕೆ 50, ಒಟ್ಟು 170. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದು ಬೇಗ ಹಾಳಾಗುವುದರಿಂದ 40 ಆಂಪಿಯರ್-ಅವರ್‌ನದನ್ನು (12 ವೋಲ್ಟ್‌ನಲ್ಲಿ 480 ವಾಟ್-ಅವರ್) ಆರಿಸಿ, 100 ವಾಟ್ ಪ್ಯಾನೆಲ್ ಮತ್ತು ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ, ಕಡಿಮೆ ಬೆಲೆಯ ಪಿಡಬ್ಲ್ಯೂಎಂ ಎಂಬ ಬಗೆಯ ಕಂಟ್ರೋಲರ್ ತಂದೆ. ಇನ್ವರ್ಟರ್ ಬೇಡವೆಂದುಕೊಂಡೆ, ಅದು ಸುಮ್ಮನೆ ಆನ್ ಇದ್ದರೂ ಬ್ಯಾಟರಿಯನ್ನು ತಿನ್ನುತ್ತದೆ.

ಚಳಿಗಾಲದಲ್ಲಿ ಎಲ್ಲವೂ ಸರಿಯಿತ್ತು. ಆದರೆ ಮೇ ತಿಂಗಳಲ್ಲಿ, ಸೂರ್ಯ ನಡು ನೆತ್ತಿಯ ಮೇಲಿರುವಾಗಲೇ, ಕಂಟ್ರೋಲರ್‌ನ ಅಂಕಿ 13.4 ವೋಲ್ಟ್‌ಗೆ ಬಂದು ನಿಂತುಬಿಡುತ್ತಿತ್ತು. ಪೂರ್ತಿ ತುಂಬಲು ಬೇಕಾದದ್ದು 14.4. ಎರಡು ರಾತ್ರಿ ಬೆಳಗಿನ ಜಾವವೇ ಫ್ಯಾನು ನಿಂತಿತು. ಪ್ಯಾನೆಲ್ ಸಾಲದೆಂದು ಇನ್ನೊಂದನ್ನು ಕೊಳ್ಳಲು ಹೊರಟಿದ್ದ ನನ್ನನ್ನು ತಡೆದವರು ಮೋಟಾರ್ ವೈಂಡಿಂಗ್ ಮಾಡುವ ನಮ್ಮ ಓಣಿಯ ಕಾಕಾ. ಮೀಟರ್ ಹಿಡಿದು ವಾಯರಿನ ಎರಡೂ ತುದಿಗಳನ್ನು ಅಳೆದು, "ತಮ್ಮಾ, ಪ್ಯಾನೆಲ್ ಛಲೋ ಅದ, ನಿನ್ನ ವಾಯರ್ ಸಣ್ಣದಾಗ್ಯದ" ಎಂದರು. ಪ್ಯಾನೆಲ್ ಬಳಿ 14.7 ಇದ್ದದ್ದು ಕಂಟ್ರೋಲರ್ ತಲುಪುವಾಗ 13.7 ಆಗುತ್ತಿತ್ತು.

ಬಿಸಿಲು ಹೆಚ್ಚಿದಷ್ಟೂ ಚಾರ್ಜ್ ಹೆಚ್ಚುತ್ತದೆ ಎಂಬ ನನ್ನ ನಂಬಿಕೆಯೇ ತಪ್ಪಾಗಿತ್ತು. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಶಾಖ ಅದರ ವೋಲ್ಟೇಜನ್ನು ಇಳಿಸುತ್ತದೆ. 25 ಡಿಗ್ರಿಯಲ್ಲಿ 18 ವೋಲ್ಟ್ ಕೊಡುವ ಪ್ಯಾನೆಲ್, ಗಾಡಿಯ ಮೇಲಿನ ಕಾದ ತಗಡಿಗೆ ಅಂಟಿಕೊಂಡು 70 ಡಿಗ್ರಿಗೆ ಏರಿದಾಗ 15ರ ಆಸುಪಾಸಿಗೆ ಬರುತ್ತದೆ, ಅದರಲ್ಲಿ ಒಂದು ವೋಲ್ಟನ್ನು ನಾನು ಹಾಕಿದ್ದ 1 ಚದರ ಮಿಲಿಮೀಟರ್ ವಾಯರ್, ಹೋಗಿ ಬರುವ 10 ಮೀಟರ್ ದಾರಿಯಲ್ಲಿ ನುಂಗಿದರೆ ಬ್ಯಾಟರಿಗೆ ಉಳಿಯುವುದಾದರೂ ಏನು? ಚಳಿಗಾಲದಲ್ಲಿ ಇದೇ ವಾಯರಿನ ದೋಷ ಕಾಣದೇ ಇದ್ದದ್ದು ಅದಕ್ಕೇ.

4 ಚದರ ಮಿಲಿಮೀಟರ್‌ನ ತಾಮ್ರದ ವಾಯರ್ ಎಳೆದೆ. ನಷ್ಟ ಕಾಲು ವೋಲ್ಟ್‌ಗೆ ಇಳಿಯಿತು. ಕ್ಯಾರಿಯರ್ ಮೇಲೆ ಕಬ್ಬಿಣದ ಪಟ್ಟಿ ಕೂರಿಸಿ ಪ್ಯಾನೆಲನ್ನು ತಗಡಿನಿಂದ ನಾಲ್ಕು ಇಂಚು ಎತ್ತರಿಸಿದ ಮೇಲೆ ಅಡಿಯಲ್ಲಿ ಗಾಳಿ ಆಡತೊಡಗಿತು. ಎರಡೂ ಸೇರಿ ಎರಡನೇ ಪ್ಯಾನೆಲ್‌ನ ಬೆಲೆಯ ಅರ್ಧವೂ ಆಗಲಿಲ್ಲ.

ಜೋಡಿಸುವವರು ಬ್ಯಾಟರಿಯನ್ನು ಕಂಟ್ರೋಲರ್‌ಗೆ ಮೊದಲು ಸೇರಿಸಿ ಪ್ಯಾನೆಲನ್ನು ಆಮೇಲೆ ಸೇರಿಸಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಬೇಕು. ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ, ಮಲಗುವ ಗಾಡಿಯಲ್ಲಿ ಅದರ ಪೆಟ್ಟಿಗೆಗೆ ಹೊರಗೆ ತೆರೆಯುವ ಕೊಳವೆ ಇರಲೇಬೇಕು. ಇದರಲ್ಲಿ ಉಳಿತಾಯ ನೋಡಬಾರದು. ಇನ್ನು, ಬೇವಿನ ಮರದ ಒಂದೇ ಕೊಂಬೆಯ ನೆರಳು ಪ್ಯಾನೆಲ್‌ನ ಮೂಲೆಗೆ ಬಿದ್ದರೂ ಚಾರ್ಜ್ ಅರ್ಧಕ್ಕರ್ಧ ಬೀಳುವುದನ್ನು ನಾನೇ ಕಂಡಿದ್ದೇನೆ; ಸೆಲ್‌ಗಳು ಒಂದರ ಹಿಂದೊಂದು ಸರಪಳಿಯಾಗಿ ಜೋಡಣೆಯಾಗಿರುತ್ತವೆ. ಹಾಗಾಗಿ ಗಾಡಿ ಬಿಸಿಲಿನಲ್ಲಿ, ನಾವು ಮರದಡಿಯಲ್ಲಿ.

ಈ ವರ್ಷದ ಮೇ ತಿಂಗಳಲ್ಲಿ ಚಿಂಚೋಳಿಯ ಹೊಲದಲ್ಲಿ ಮಧ್ಯಾಹ್ನ ಎರಡರೊಳಗೆ 14.4 ಕಂಡಿತು. ರಾತ್ರಿಯಿಡೀ ಫ್ಯಾನು ತಿರುಗಿ, ಬೆಳಿಗ್ಗೆ ಮೀಟರ್ ಹಿಡಿದಾಗ ಬ್ಯಾಟರಿಯಲ್ಲಿ ಇನ್ನೂ 12.3 ಇತ್ತು.