ಹಳೆಯ ಕಂಪ್ಯೂಟರಿಗೆ ಮುಕ್ತ ತಂತ್ರಾಂಶ: ಮನೆಯಲ್ಲೇ ಹಾಕಿಕೊಳ್ಳುವುದು ಹೇಗೆ?

ದಾವಣಗೆರೆಯ ವಿದ್ಯಾನಗರ, ನಿಟುವಳ್ಳಿ, ಕೆ.ಟಿ.ಜೆ. ನಗರದಂಥ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಹತ್ತು ವರ್ಷಗಳ ಹಿಂದೆ ಮಕ್ಕಳ ಓದಿಗೆಂದು ಕೊಂಡ ಕಂಪ್ಯೂಟರ್ ಈಗ ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿದೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯೂ, ಹೆಚ್ಚುಕಡಿಮೆ 2017ರಿಂದ ಈಚೆಗೆ ಬಂದ ಪ್ರೊಸೆಸರೂ ಇರಬೇಕೆಂಬ ನಿಯಮವಿದೆ. ಹೀಗಾಗಿ ಕೆಟ್ಟುಹೋಗದ ಯಂತ್ರಗಳೂ ಗುಜರಿಯ ದಾರಿ ಹಿಡಿಯುತ್ತಿವೆ. ಹಾಗೆ ಕೊಟ್ಟುಬಿಡುವ ಮೊದಲು ಒಂದು ಭಾನುವಾರವನ್ನು ಮೀಸಲಿಟ್ಟು ಅದಕ್ಕೆ ವಿಂಡೋಸಿನ ಬದಲು ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಹಾಕಿ ನೋಡಬೇಕೆಂದು ನಾನು ಓದುಗರಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಮಾತಿಗೆ ಉಚಿತ ಮತ್ತು ಮುಕ್ತ ಎಂಬ ಎರಡು ಮಾತುಗಳು ನಮ್ಮಲ್ಲಿ ಬೇರೆಬೇರೆಯಾಗಿಯೇ ಇರುವುದು ಒಳ್ಳೆಯದಾಯಿತು. ಉಚಿತ ಎಂದರೆ ದುಡ್ಡು ಕೊಡಬೇಕಾಗಿಲ್ಲ ಎಂದಷ್ಟೇ ಅರ್ಥ. ಮುಕ್ತ ಎಂದರೆ ತಂತ್ರಾಂಶದ ಮೂಲ ಬರವಣಿಗೆಯಾದ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಕಲು ಮಾಡಿ ಹಂಚಬಹುದು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಮತ್ತು ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ, ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಸೇರಿ ಇಂದಿನ ಲಿನಕ್ಸ್ ವ್ಯವಸ್ಥೆಗಳು ರೂಪುಗೊಂಡಿವೆ. ಮನೆಬಳಕೆಯವರಿಗೆ ಇದರ ಪ್ರತ್ಯಕ್ಷ ಲಾಭವೇನೆಂದರೆ, ನೀವು ಸಿದ್ಧಪಡಿಸಿದ ಒಂದೇ ಪೆನ್‌ಡ್ರೈವ್‌ನಿಂದ ನಿಮ್ಮ ಬೀದಿಯ ಹತ್ತು ಮನೆಗಳ ಕಂಪ್ಯೂಟರುಗಳಿಗೂ ಅದನ್ನು ಹಾಕಿಕೊಡಬಹುದು. ಅದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ.

ಲಿನಕ್ಸ್‌ನಲ್ಲಿ ಬಗೆಗಳು ಹಲವು. ಮೊದಲ ಬಾರಿಗೆ ಬರುವವರಿಗೆ ನಾನು ಲಿನಕ್ಸ್ ಮಿಂಟ್ ಅನ್ನೇ ಹೇಳುತ್ತೇನೆ. ಕೆಳಗಡೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ ಹೀಗೆ ಎಲ್ಲವೂ ಕಣ್ಣಿಗೆ ರೂಢಿಯಾದ ಜಾಗದಲ್ಲೇ ಇರುವುದರಿಂದ ಮನೆಯ ಹಿರಿಯರು ಕಂಗಾಲಾಗುವುದಿಲ್ಲ. ಇದರ 22ನೇ ಸರಣಿಗೆ 2029ರವರೆಗೆ ಬೆಂಬಲವಿದೆ. ಕನಿಷ್ಠ 2 ಜಿಬಿ ರ‍್ಯಾಮ್ ಸಾಕೆಂದು ಹೇಳಿದರೂ 4 ಜಿಬಿ ಇದ್ದರೇ ನೆಮ್ಮದಿ. ಅಷ್ಟೇ ಇರುವ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನೂ, 8 ಜಿಬಿ ಇದ್ದರೆ ಸಿನಮನ್ ಆವೃತ್ತಿಯನ್ನೂ ಆರಿಸಿಕೊಳ್ಳಿ.

ಮೊದಲು ಕಡತಗಳು

ಬಹಳ ಜನ ಅವಸರಪಡುವುದು ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ಅಕ್ಕನ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕುವಾಗ, ಫೋಟೋಗಳೆಲ್ಲ ‘ಡಿ’ ಡ್ರೈವ್‌ನಲ್ಲಿವೆ, ‘ಸಿ’ ಅಳಿಸಿದರೆ ಅವಕ್ಕೇನೂ ಆಗುವುದಿಲ್ಲ ಎಂದು ನಾನು ನಂಬಿದ್ದೆ. ಆದರೆ ‘ಸಿ’ ಮತ್ತು ‘ಡಿ’ ಎರಡೂ ಒಂದೇ ಹಾರ್ಡ್‌ಡಿಸ್ಕಿನ ಎರಡು ಪಾಲುಗಳಾಗಿದ್ದವು. ಡಿಸ್ಕನ್ನು ಅಳಿಸಿ ಹೊಸದಾಗಿ ಹಾಕು ಎಂಬ ಆಯ್ಕೆಯನ್ನು ಒತ್ತಿದ ಕೂಡಲೇ ಎರಡೂ ಹೋದವು. ಅವುಗಳೊಂದಿಗೆ ಅಕ್ಕನ ಮಗಳ ನಾಮಕರಣದ ಫೋಟೋಗಳೂ ಹೋದವು. ಆ ಸಂಕಟ ಇನ್ನೂ ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ‘ಡಿ’, ‘ಇ’ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ, ನಾಲ್ಕಾರು ಕಡತಗಳನ್ನು ತೆರೆದು ನೋಡಿದ ಮೇಲೆಯೇ ಮುಂದಕ್ಕೆ ಹೋಗಿ.

ಪೆನ್‌ಡ್ರೈವ್ ಸಿದ್ಧಪಡಿಸುವುದು

ಲಿನಕ್ಸ್ ಮಿಂಟ್‌ನ ಅಧಿಕೃತ ಜಾಲತಾಣದಿಂದ, ಇಡೀ ವ್ಯವಸ್ಥೆಯನ್ನು ಒಂದೇ ಕಡತದಲ್ಲಿ ತುಂಬಿಟ್ಟಿರುವ ಐಎಸ್‌ಒ ಕಡತವನ್ನು ಇಳಿಸಿಕೊಳ್ಳಿ. ಅದು ಸುಮಾರು 3 ಜಿಬಿ ಇರುತ್ತದೆ. ಇಳಿಯುವಾಗ ನಡುವೆ ಇಂಟರ್ನೆಟ್ ಕಡಿದುಹೋದರೆ ಕಡತ ಹಾಳಾಗಿರಬಹುದಾದ್ದರಿಂದ, ಅದೇ ತಾಣದಲ್ಲಿ ಕೊಟ್ಟಿರುವ ಎಸ್‌ಎಚ್‌ಎ 256 ಎಂಬ ಪರಿಶೀಲನಾ ಸಂಖ್ಯೆಯೊಂದಿಗೆ ಹೋಲಿಸಿ ನೋಡುವುದು ಕ್ಷೇಮ. ಬಳಿಕ ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ ಅದನ್ನು 8 ಜಿಬಿ ಪೆನ್‌ಡ್ರೈವ್‌ಗೆ ಬರೆಸಬೇಕು. ರೂಫಸ್ ಕೂಡ ಮುಕ್ತ ತಂತ್ರಾಂಶವೇ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಐಎಸ್‌ಒ ಕಡತವನ್ನು ಸುಮ್ಮನೆ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಅದರಿಂದ ಕಂಪ್ಯೂಟರ್ ಶುರುವಾಗುವುದಿಲ್ಲ.

ಹಾಕುವ ಮುನ್ನ ಆಡಿಸಿ ನೋಡುವುದು

ಕಂಪ್ಯೂಟರನ್ನು ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಮತ್ತೆ ಆನ್ ಮಾಡಿದ ಕೂಡಲೇ, ಯಾವುದರಿಂದ ಶುರುವಾಗಬೇಕೆಂದು ಕೇಳುವ ಬೂಟ್ ಮೆನುವಿನ ಕೀಯನ್ನು ಒತ್ತುತ್ತಿರಿ. ಡೆಲ್ ಮತ್ತು ಲೆನೋವೊಗಳಲ್ಲಿ ಇದು ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪಟ್ಟಿಯಲ್ಲಿ ಪೆನ್‌ಡ್ರೈವ್‌ನ ಹೆಸರನ್ನು ಆರಿಸಿದರೆ ಹಾರ್ಡ್‌ಡಿಸ್ಕನ್ನು ಮುಟ್ಟದೆಯೇ ಮಿಂಟ್ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಈ ಸೌಲಭ್ಯ ದೊಡ್ಡದು. ಇದನ್ನು ಅರ್ಧ ಗಂಟೆಯಾದರೂ ಬಳಸಿಕೊಳ್ಳಬೇಕು. ವೈಫೈ ಸಿಗುತ್ತದೆಯೇ, ಸ್ಪೀಕರಿನಲ್ಲಿ ದನಿ ಬರುತ್ತದೆಯೇ, ಪ್ರಿಂಟರ್ ಕಾಗದ ಎಳೆಯುತ್ತದೆಯೇ, ಪರದೆಯ ಅಕ್ಷರ ಸರಿಯಾದ ಗಾತ್ರದಲ್ಲಿದೆಯೇ ಎಂದು ಒಂದೊಂದಾಗಿ ನೋಡಿ. ಕೆಲವು ವೈಫೈ ಚಿಪ್‌ಗಳಿಗೆ ಅವನ್ನು ನಡೆಸುವ ಬೇರೆ ಡ್ರೈವರ್ ತಂತ್ರಾಂಶ ಬೇಕಾಗುತ್ತದೆ. ಆಗ ಮೊಬೈಲನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ, ಮೊಬೈಲಿನ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಕೊಡುವ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ಇಂಟರ್ನೆಟ್ ತಕ್ಷಣ ಸಿಗುತ್ತದೆ. ಮಿಂಟ್ ಹಾಕಿಕೊಂಡ ಬಳಿಕ ‘ಡ್ರೈವರ್ ಮ್ಯಾನೇಜರ್’ ತೆರೆದು ಬೇಕಾದ ಡ್ರೈವರನ್ನು ಸೇರಿಸಿಕೊಳ್ಳಬಹುದು.

ಜಾಲತಾಣಗಳೆಲ್ಲ ಭದ್ರತೆಯ ಎಚ್ಚರಿಕೆ ತೋರಿಸಿ ತೆರೆಯದೇ ಇದ್ದರೆ ಮೊದಲು ಮೂಲೆಯ ದಿನಾಂಕವನ್ನು ನೋಡಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರದ ಮದರ್‌ಬೋರ್ಡಿನಲ್ಲಿರುವ ಬಿಲ್ಲೆಯಾಕಾರದ ಶೆಲ್ ಸತ್ತು ದಿನಾಂಕ ಹಿಂದಕ್ಕೆ ಹೋಗಿರುತ್ತದೆ. ಸಿಆರ್ 2032 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲೂ ಅದು ಸಿಗುತ್ತದೆ.

‘ಡಿಸ್ಕ್ಸ್’ ಎಂಬ ತಂತ್ರಾಂಶದಲ್ಲಿ ಹಾರ್ಡ್‌ಡಿಸ್ಕಿನ ಆರೋಗ್ಯವನ್ನೂ ಇದೇ ಹೊತ್ತಿನಲ್ಲಿ ಪರೀಕ್ಷಿಸಿ. ಡಿಸ್ಕೇ ಸವೆದಿದ್ದರೆ ಯಾವ ತಂತ್ರಾಂಶವೂ ಅದನ್ನು ಉಳಿಸಲಾರದು. ಅದರ ಜಾಗಕ್ಕೆ ಹಾರ್ಡ್‌ಡಿಸ್ಕಿಗಿಂತ ವೇಗವಾದ, 240 ಜಿಬಿಯ ಒಂದು ಎಸ್‌ಎಸ್‌ಡಿ ಹಾಕಿಸುವುದೇ ಹಳೆಯ ಯಂತ್ರಕ್ಕೆ ಮಾಡಬಹುದಾದ ಅತ್ಯುತ್ತಮ ಖರ್ಚು.

ಅನುಸ್ಥಾಪನೆ

ಎಲ್ಲವೂ ಸರಿಯೆನಿಸಿದರೆ ಡೆಸ್ಕ್‌ಟಾಪಿನ ಮೇಲಿರುವ ‘ಇನ್‌ಸ್ಟಾಲ್’ ಚಿತ್ರವನ್ನು ಒತ್ತಿ. ಭಾಷೆ, ಕೀಬೋರ್ಡ್, ಊರಿನ ಸಮಯ ಕೇಳಿದ ಮೇಲೆ ವಿಂಡೋಸಿನ ಪಕ್ಕದಲ್ಲಿ ಹಾಕಬೇಕೋ, ಡಿಸ್ಕನ್ನು ಪೂರ್ತಿ ಅಳಿಸಬೇಕೋ ಎಂದು ಅದು ಕೇಳುತ್ತದೆ. ಮನೆಯಲ್ಲಿ ಯಾರಾದರೂ ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತಿದ್ದರೆ, ಕೋರೆಲ್‌ಡ್ರಾ ಅಥವಾ ಪೇಜ್‌ಮೇಕರಿನಲ್ಲಿ ಮುದ್ರಣದ ಕೆಲಸ ಮಾಡುತ್ತಿದ್ದರೆ ಪಕ್ಕದಲ್ಲಿ ಹಾಕುವುದನ್ನೇ ಆರಿಸಿ, ಏಕೆಂದರೆ ಅವು ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಪತ್ರ, ಅರ್ಜಿ, ಮಕ್ಕಳ ಪಾಠ, ಸಿನಿಮಾ, ಬ್ಯಾಂಕಿನ ಕೆಲಸಗಳಷ್ಟೇ ಇದ್ದರೆ ಪೂರ್ತಿ ಅಳಿಸಿ ಹಾಕುವುದೇ ಸರಳ. ಕೆಲಸ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆದರೆ ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ; ಯುಪಿಎಸ್ ಇಲ್ಲದವರು, ಅದರಲ್ಲೂ ಏಪ್ರಿಲ್‌–ಮೇ ತಿಂಗಳ ಬಿಸಿಲಿನ ದಿನಗಳಲ್ಲಿ, ಕರೆಂಟು ಹೋಗದೆಂಬ ಭರವಸೆಯಿರುವ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಲಿ.

ಹಾಕಿದ ದಿನವೇ ‘ಅಪ್‌ಡೇಟ್ ಮ್ಯಾನೇಜರ್’ ತೆರೆದು ಎಲ್ಲ ಹೊಸ ತಿದ್ದುಪಡಿಗಳನ್ನು ಇಳಿಸಿಕೊಳ್ಳಿ, ‘ಟೈಮ್‌ಶಿಫ್ಟ್’ನಲ್ಲಿ ವಾರಕ್ಕೊಮ್ಮೆ ವ್ಯವಸ್ಥೆಯ ಪ್ರತಿ ತೆಗೆಯುವಂತೆ ಹೊಂದಿಸಿಡಿ. ಪತ್ರ, ಲೆಕ್ಕ ಬರೆಯುವ ಲಿಬ್ರೆಆಫೀಸ್, ಜಾಲತಾಣ ತೋರಿಸುವ ಫೈರ್‌ಫಾಕ್ಸ್ ಮೊದಲೇ ಇರುತ್ತವೆ. ಸಿನಿಮಾ ನೋಡುವ ವಿಎಲ್‌ಸಿ, ಚಿತ್ರ ತಿದ್ದುವ ಜಿಂಪ್, ಮಕ್ಕಳಿಗೆ ಆಕಾಶ ತೋರಿಸುವ ಸ್ಟೆಲೇರಿಯಮ್ ಮುಂತಾದವನ್ನು ‘ಸಾಫ್ಟ್‌ವೇರ್ ಮ್ಯಾನೇಜರ್’ನಿಂದಲೇ ಪಡೆಯಿರಿ, ಸಿಕ್ಕ ಸಿಕ್ಕ ತಾಣಗಳಿಂದ ಇಳಿಸಬೇಡಿ.

ಕನ್ನಡ ಕೂಡಿಸುವುದು

ನನ್ನ ಮಟ್ಟಿಗೆ, ಇದಾಗದೆ ಕೆಲಸ ಮುಗಿದಂತಲ್ಲ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ‘ಲೇಔಟ್’ ಭಾಗಕ್ಕೆ ಹೋಗಿ, ಹೊಸದನ್ನು ಸೇರಿಸುವ ಗುರುತನ್ನು ಒತ್ತಿ, ಕನ್ನಡದ ಕಗಪ ವಿನ್ಯಾಸವನ್ನು ಆರಿಸಿ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ಎಂಬ ಕನ್ನಡ ಬರವಣಿಗೆಯ ತಂತ್ರಾಂಶ ಬಳಸಿದವರ ಬೆರಳಿಗೆ ಒಗ್ಗಿರುವ ಕ್ರಮವೇ ಇದು. ‘ಡಿ’ ಒತ್ತಿದರೆ ದ, ಶಿಫ್ಟ್ ಹಿಡಿದು ‘ಎ’ ಒತ್ತಿದರೆ ದೀರ್ಘ, ‘ವಿ’ಗೆ ವ, ಶಿಫ್ಟ್ ಹಿಡಿದು ‘ಎನ್’ ಒತ್ತಿದರೆ ಣ, ಬಳಿಕ ‘ಜಿ’, ‘ಇ’, ‘ಆರ್’, ‘ಇ’ ಒತ್ತುವಷ್ಟರಲ್ಲಿ ದಾವಣಗೆರೆ ಪರದೆಯ ಮೇಲೆ ಮೂಡಿರುತ್ತದೆ. ಒತ್ತಕ್ಷರ ಬೇಕಾದಲ್ಲಿ ನಡುವೆ ‘ಎಫ್’ ಸೇರಿಸಬೇಕು. ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಫಾಂಟುಗಳು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿಯೇ ಸಿಗುತ್ತವೆ.

ಕಷ್ಟವಿರುವುದು ಹಳೆಯ ಕಡತಗಳಲ್ಲಿ. ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟದ ಲೆಕ್ಕವನ್ನು ತಂದೆಯವರು ವರ್ಷಗಟ್ಟಲೆ ಹಳೆಯ ನುಡಿಯಲ್ಲಿ ಬರೆದಿಟ್ಟಿದ್ದರು. ಅದನ್ನು ಲಿಬ್ರೆಆಫೀಸಿನಲ್ಲಿ ತೆರೆದಾಗ ಕನ್ನಡದ ಒಂದಕ್ಷರವೂ ಇರಲಿಲ್ಲ. ತಲೆಯ ಮೇಲೆ ಚುಕ್ಕಿ, ಗೀಟುಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲುಗಳಷ್ಟೇ ಇದ್ದವು. ಕಡತ ಕೆಟ್ಟಿರಲಿಲ್ಲ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ತುಣುಕುಗಳನ್ನು ಚಿತ್ರಿಸುತ್ತಿದ್ದುದರಿಂದ, ಆ ಫಾಂಟು ಇಲ್ಲದ ಕಡೆ ಒಳಗಿನ ಸಂಕೇತವಷ್ಟೇ ಕಾಣುತ್ತದೆ. ಇಂಥ ಪಠ್ಯವನ್ನು, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡಿಗೆ ಬದಲಾಯಿಸುವ ಮುಕ್ತ ಪರಿವರ್ತಕಗಳಿವೆ. ಒಂದು ಬದಿಯಲ್ಲಿ ಹಳೆಯದನ್ನು ಅಂಟಿಸಿದರೆ ಇನ್ನೊಂದು ಬದಿಯಲ್ಲಿ ಎಲ್ಲೆಡೆ ಓದಬಲ್ಲ ಕನ್ನಡ ಬರುತ್ತದೆ.

ಬಂದದ್ದನ್ನು ಹಾಗೆಯೇ ನಂಬಬೇಡಿ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ದಾಖಲಾಗುತ್ತಿತ್ತು, ಯೂನಿಕೋಡಿನಲ್ಲಿ ಅದು ಮೊದಲು ಬರಬೇಕು. ಆದ್ದರಿಂದ ಪರಿವರ್ತಕಗಳು ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ತಂದೆಯವರ ಕಡತದಲ್ಲಿ ನಾನು ‘ಖರ್ಚು’, ‘ಮಾರ್ಚ್’ ಎಂಬ ಎರಡು ಪದಗಳನ್ನು ಹುಡುಕಿ ಹುಡುಕಿ ಪರೀಕ್ಷಿಸಿದೆ, ಅವು ಸರಿಯಿದ್ದ ಪುಟಗಳಲ್ಲಿ ಉಳಿದದ್ದೂ ಬಹುಪಾಲು ಸರಿಯಾಗಿತ್ತು. ಅಂಕಿಗಳನ್ನು ಮಾತ್ರ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಸಾಲುಸಾಲಾಗಿ ಓದಿಸಿ ನೋಡಿದೆ. ಬದಲಾಯಿಸಿದ ಪ್ರತಿಗೆ ಬೇರೆ ಹೆಸರು ಕೊಟ್ಟು ಉಳಿಸಿ, ಮೂಲ ಕಡತವನ್ನು ಹೊರಗಿನ ಡಿಸ್ಕಿನಲ್ಲಿ ಇದ್ದ ಹಾಗೆಯೇ ಬಿಡಿ.