ಎರೆ ನೆಲಕ್ಕೆ ಗಾಡಿ ಸಜ್ಜು: ಮೊದಲು ಕಾಟಾ, ಆಮೇಲೆ ಖರ್ಚು

ಎರೆ ಎಂದರೆ ಕಪ್ಪು ಜೇಡಿ ಮಣ್ಣು. ಅಂಥ ನೆಲದ ಕಚ್ಚಾ ದಾರಿಯಲ್ಲಿ ಎರಡು ಮೂರು ದಿನ ಸುತ್ತಿ, ಟೆಂಟ್ ಹೊಡೆದು ತಂಗಲು ಗಾಡಿ ಸಜ್ಜು ಮಾಡುವವರು ಏನೂ ಕೊಳ್ಳುವ ಮೊದಲು ಅದನ್ನು ಕಾಟಾ ಮೇಲೆ ಹತ್ತಿಸಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಕಬ್ಬು, ಜಲ್ಲಿ ತೂಗುವ ಕಾಟಾಗಳಿಗೆ ಬರವಿಲ್ಲ. ಟ್ಯಾಂಕ್ ತುಂಬಿಸಿ, ಹೋಗುವವರೆಲ್ಲ ಒಳಗೆ ಕೂತು ಒಮ್ಮೆ ಪೂರ್ತಿ ತೂಗಿ. ಆಮೇಲೆ ಹಿಂದಿನ ಗಾಲಿಗಳನ್ನಷ್ಟೇ ಕಾಟಾ ಮೇಲಿಟ್ಟು ಇನ್ನೊಮ್ಮೆ ತೂಗಿ, ಹಿಂದೆ ಎಷ್ಟು ಭಾರ ಬೀಳುತ್ತದೆ ಎಂದು ಗೊತ್ತಾಗುತ್ತದೆ. ಗಾಡಿಯ ಕೈಪಿಡಿಯಲ್ಲಿರುವ ಗರಿಷ್ಠ ಒಟ್ಟು ತೂಕದಿಂದ ಮೊದಲ ಅಂಕಿ ಕಳೆದರೆ ಉಳಿಯುವುದೇ ನಿಮ್ಮ ನಿಜವಾದ ಬಜೆಟ್ಟು. ಅದು ರೂಪಾಯಿಯಲ್ಲಿಲ್ಲ, ಕಿಲೋದಲ್ಲಿದೆ.

ಮಾರುತಿಯ ಐದು ಬಾಗಿಲಿನ ಜಿಮ್ನಿಯನ್ನೇ ತಗೊಳ್ಳಿ. ಒಟ್ಟು ತೂಕ 1545 ಕೆಜಿ, ಖಾಲಿ ಗಾಡಿ ಸುಮಾರು 1200. ಹೊರಬಹುದಾದದ್ದು 345 ಕೆಜಿಯ ಆಸುಪಾಸು. ಇಬ್ಬರು ಆಳು 140, ನೀರು 40, ಮಾಡಿನ ಮೇಲಿನ ಟೆಂಟ್ ಮತ್ತು ರ‍್ಯಾಕ್ 85, ಕಬ್ಬಿಣದ ಬಂಪರ್ 45, ಸಿಕ್ಕಿಬಿದ್ದ ಗಾಡಿ ಎಳೆಯುವ ಮೋಟಾರು ರಾಟೆ, ಅಂದರೆ ವಿಂಚ್ 30. ಅಲ್ಲಿಗೆ 340 ಆಯಿತು. ಅಡುಗೆ ಸಾಮಾನು, ಹಾಸಿಗೆ ಇನ್ನೂ ಮನೆಯಲ್ಲೇ ಇವೆ! ಹಾಗಾಗಿ ಬಂಪರ್, ವಿಂಚ್, ಮಾಡಿನ ಟೆಂಟ್ ಮೂರನ್ನೂ ಮೊದಲ ವರ್ಷ ಮರೆತುಬಿಡಿ. ಕಬ್ಬಿಣದ ಬುಲ್ ಬಾರ್ ಅಂತೂ ಬೇಡವೇ ಬೇಡ. ಅದನ್ನು ತಡೆಯಿರಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ತಯಾರಕರ ಮೂಲ ರಚನೆ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿಯ ಎತ್ತರ ಹೆಚ್ಚಿಸುವ ಲಿಫ್ಟ್ ಕಿಟ್ ಆಸೆ ಇದ್ದವರು ಇದನ್ನೂ ನೆನಪಿಡಿ.

ದುಡ್ಡು ಹಾಕಬೇಕಾದದ್ದು ಟೈರಿಗೆ. ನಮ್ಮಲ್ಲಿ ನೆಲ ಮೂರು ತರಹ. ಖಾನಾಪುರ, ಜಾಂಬೋಟಿ ಕಡೆಯ ಜಂಬಿಟ್ಟಿಗೆ ಕಲ್ಲು ಟೈರಿನ ಪಕ್ಕವನ್ನು ಸೀಳುತ್ತದೆ. ಬಾದಾಮಿ ಸುತ್ತ ಮರಳುಗಲ್ಲು, ಸಡಿಲ ಉಸುಕು. ವಿಜಯಪುರದ ಕಡೆ ಎರೆ. ಮೂರಕ್ಕೂ ಆಗಿಬರುವುದು ಡಾಂಬರು, ಕಚ್ಚಾ ದಾರಿ ಎರಡಕ್ಕೂ ಒಗ್ಗುವ ಗಟ್ಟಿ ಪಕ್ಕದ ಆಲ್ ಟೆರೇನ್ ಟೈರು, ಕಂಪನಿ ಕೊಟ್ಟ ಅಳತೆಯದೇ. ಅಳತೆ ದೊಡ್ಡದು ಮಾಡಿದರೆ ತಿರುವಿನಲ್ಲಿ ಒಳಗಡೆ ಉಜ್ಜುತ್ತದೆ, ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಎರೆ ಮೆತ್ತಿಕೊಂಡಾಗ ಗಾಲಿ ತಿರುಗಲು ಜಾಗವೂ ಉಳಿಯುವುದಿಲ್ಲ.

ಗಾಳಿ ಎಷ್ಟು? ತುಂಬಿದ ಗಾಡಿಗೆ ಡಾಂಬರಿನ ಮೇಲೆ ಬಾಗಿಲ ಸ್ಟಿಕ್ಕರಿನಲ್ಲಿ ಬರೆದಷ್ಟು. ಕಚ್ಚಾ ದಾರಿಗೆ 24-25 ಪಿಎಸ್ಐ, ಉಸುಕಿಗೆ 18. 15ಕ್ಕಿಂತ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಬರುವ ಭಯ. 18ರಲ್ಲಿ ಇರುವಷ್ಟು ಹೊತ್ತು ಗಂಟೆಗೆ 30 ಕಿಮೀ ದಾಟಬೇಡಿ. ಇಳಿಸಿದ ಮೇಲೆ ತುಂಬಲೇಬೇಕಲ್ಲ, ಆದ್ದರಿಂದ ಬ್ಯಾಟರಿಗೆ ನೇರ ಕ್ಲಿಪ್ ಹಾಕುವ ಕಂಪ್ರೆಸರ್ ಕೊಳ್ಳಿ. ದೊಡ್ಡ ಕಂಪ್ರೆಸರ್ 25-30 ಆಂಪ್ ಎಳೆಯುತ್ತದೆ, ಸಿಗರೇಟ್ ಸಾಕೆಟ್ಟಿನ ಫ್ಯೂಸು ಸಾಮಾನ್ಯವಾಗಿ 15 ಆಂಪಿನದು. ಇನ್ನು ಬಳ್ಳಾರಿ ಜಾಲಿ ಮುಳ್ಳು: ಅದು ಟೈರಿನೊಳಗೇ ಮುರಿದು ಕೂಡುತ್ತದೆ. ಉದ್ದ ಮೂತಿಯ ಇಕ್ಕಳ, ತೂತು ಉಜ್ಜುವ ಸೂಜಿ, ಕನಿಷ್ಠ 15 ಪ್ಲಗ್ ಎಳೆ ಇಟ್ಟುಕೊಳ್ಳಿ. ಪ್ಲಗ್ ಹಾಕುವುದು ಟೈರಿನ ಮಧ್ಯಭಾಗಕ್ಕೆ ಮಾತ್ರ. ಪಕ್ಕ ಸೀಳಿದರೆ ಸ್ಟೆಪ್ನಿಯೇ ಗತಿ.

ಎರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ಟೈರಿನ ಹಲ್ಲು ತುಂಬಿ ನುಣ್ಣಗಾಗಿ, ಆಮೇಲೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ಕೂತು, ಕೊನೆಗೆ ಗಾಲಿಯೇ ತಿರುಗುವುದಿಲ್ಲ. ಅಲ್ಲಿ ನಾಲ್ಕು ಗಾಲಿ ಎಳೆತ, ಎರಡೂ ಗಾಲಿ ಒಟ್ಟಿಗೇ ತಿರುಗಿಸುವ ಲಾಕರ್ ಯಾವುದೂ ನಡೆಯುವುದಿಲ್ಲ. ಮಳೆ ಬಿದ್ದ ಮೇಲೆ ಮಣ್ಣು ಬಿರಿಯುವವರೆಗೆ ಹೊಲದ ದಾರಿಗೆ ಇಳಿಯದಿರುವುದೇ ಉಪಾಯ. ಸಿಕ್ಕಿಬಿದ್ದರೆ ಎಕ್ಸಲರೇಟರ್ ತುಳಿಯಬೇಡಿ, ಕುರುಪಿ ತೆಗೆಯಿರಿ. ಹೌದು, ಕಳೆ ತೆಗೆಯುವ ಕುರುಪಿಯೇ. ಗಾಲಿಯ ಒಳಪಕ್ಕ ಮೆತ್ತಿದ ಮಣ್ಣನ್ನು ಹೊರ ತೆಗೆಯಲು ಸಲಿಕೆ ಹೋಗುವುದಿಲ್ಲ, ಬೆರಳಿಗೆ ಬಗ್ಗುವುದಿಲ್ಲ, ಕುರುಪಿ ಸರಿಯಾಗಿ ಕೂಡುತ್ತದೆ. ಜ್ಯಾಕಿನ ಕೆಳಗಿಡಲು ಒಂದಡಿ ಚೌಕದ, ಒಂದೂವರೆ ಇಂಚು ದಪ್ಪದ ಹಲಗೆಯೂ ಇರಲಿ. ಇಲ್ಲದಿದ್ದರೆ ಗಾಡಿ ಮೇಲೇಳುವುದಿಲ್ಲ, ಜ್ಯಾಕೇ ಕೆಳಗಿಳಿಯುತ್ತದೆ.

ಆಲಮಟ್ಟಿ, ಹಿಡಕಲ್, ನವಿಲುತೀರ್ಥದ ಹಿನ್ನೀರ ದಂಡೆ ಇದಕ್ಕಿಂತ ಮೋಸದ್ದು. ನೀರು ಹಿಂದೆ ಸರಿದ ಕಡೆ ಮೇಲೆ ಒಣಗಿದ ಹೆಪ್ಪಳಿಕೆ, ಕೆಳಗೆ ರಾಡಿ. ಮೊದಲು ನಡೆದು ನೋಡಿ, ಕಬ್ಬಿಣದ ಸರಳು ಚುಚ್ಚಿ. ಕೈ ಭಾರಕ್ಕೇ ಒಂದು ಗೇಣು ಇಳಿದರೆ ಅಲ್ಲಿಂದ ಮುಂದೆ ಗಾಡಿ ಬೇಡ.

ಎಳೆಯುವ ಸಾಮಾನು: ಗಾಡಿಯ ತೂಕದ ಸುಮಾರು ಮೂರು ಪಟ್ಟು ತಾಳುವ ಕೈನೆಟಿಕ್ ಹಗ್ಗ (ಎಳೆದಾಗ ಹಿಗ್ಗುವ ಹಗ್ಗ), ಮೈಮೇಲೆ 3.25 ಟನ್ ಅಥವಾ 4.75 ಟನ್ ಎಂದು ಅಚ್ಚಿರುವ ಎರಡು ಬೋ ಶ್ಯಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ), ಗಾಲಿಯ ಕೆಳಗೆ ತುರುಕುವ ಎರಡು ರಿಕವರಿ ಬೋರ್ಡ್, ಒಂದು ಸಲಿಕೆ. ಹಗ್ಗವನ್ನು ಚಾಸಿಗೆ ಬೋಲ್ಟ್ ಮಾಡಿದ ರಿಕವರಿ ಹುಕ್ಕಿಗೇ ಹಾಕಿ. ಟ್ರೇಲರ್ ಸಿಕ್ಕಿಸುವ ಹಿಂದಿನ ಕಬ್ಬಿಣದ ಉಂಡೆಗೆ (ಟೋ ಬಾಲ್) ಹಾಕಿದರೆ ಅದು ಮುರಿದು ಗುಂಡಿನಂತೆ ಹಾರುತ್ತದೆ. ಹಗ್ಗದ ನಡುವೆ ಹಸಿ ಗೋಣಿಚೀಲ ಹೊದಿಸಿ, ಜನರನ್ನು ಹಗ್ಗದ ಒಂದೂವರೆ ಪಟ್ಟು ದೂರ ಸರಿಸಿ. ನಮ್ಮ ಕಡೆ ಗಾಡಿ ಸಿಕ್ಕರೆ ಅರ್ಧ ಗಂಟೆಯೊಳಗೆ ಟ್ರ್ಯಾಕ್ಟರ್ ಬರುತ್ತದೆ, ಅದರ ಜೊತೆ ಸರಪಳಿಯೂ ಬರುತ್ತದೆ. ಸರಪಳಿಗೆ ಹಿಗ್ಗುವ ಗುಣವಿಲ್ಲ. ಕೈನೆಟಿಕ್ ಹಗ್ಗ ತಾಳುವ ಜಗ್ಗಾಟಕ್ಕೆ ಸರಪಳಿ ಕಡಿಯುತ್ತದೆ, ಇಲ್ಲವೇ ಹುಕ್ಕನ್ನೇ ಕಿತ್ತುಕೊಂಡು ಹೋಗುತ್ತದೆ. “ಅಣ್ಣಾರ, ಝಟಕಾ ಕೊಡಬ್ಯಾಡ್ರಿ, ಲೋ ಗೇರಿನ್ಯಾಗ ಸಾವಕಾಶ ಜಗ್ಗ್ರಿ” ಎಂದು ಕಟ್ಟುವ ಮೊದಲೇ ಹೇಳಿ. ಎಂಜಿನ್ ಸದ್ದಿನಲ್ಲಿ ಆಮೇಲೆ ಕೂಗಿದರೆ ಕೇಳಿಸುವುದಿಲ್ಲ.

ಹಿಂದಿನ ಡಿಕ್ಕಿಗೆ ಪೆಟ್ಟಿಗೆ ಮಾಡಿಸುವವರು 12 ಎಂಎಂ ವಾಟರ್‌ಪ್ರೂಫ್ ಪ್ಲೈ ಬಳಸಿ. 8×4 ಅಡಿಯ 18 ಎಂಎಂ ಹಾಳೆ ಸುಮಾರು 35 ಕೆಜಿ, 12 ಎಂಎಂನದು 23. ಪೆಟ್ಟಿಗೆಯನ್ನು ಕಂಪನಿ ಕೊಟ್ಟ ಸೀಟಿನ ಬೋಲ್ಟ್ ತೂತುಗಳಿಗೇ 8.8 ದರ್ಜೆಯ ಬೋಲ್ಟ್ ಹಾಕಿ ಬಿಗಿಸಿ. ಬೆಳಗಾವಿಯ ಉದ್ಯಮಬಾಗದಲ್ಲಿ ಅಳತೆ ಕೊಟ್ಟರೆ ಬ್ರ್ಯಾಕೆಟ್ ಮಾಡಿಕೊಡುವ ವರ್ಕ್‌ಶಾಪುಗಳಿವೆ. ನೆಲದ ತಗಡಿಗೆ ಹೊಸ ತೂತು ಕೊರೆಯಬೇಡಿ, ಕೆಳಗೆ ಪೆಟ್ರೋಲ್ ಟ್ಯಾಂಕೋ ಬ್ರೇಕ್ ಪೈಪೋ ಇರುತ್ತದೆ.

ಫ್ರಿಜ್ ಬೇಕೇ? ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಮೀನಗಡದ ಕರದಂಟು ಇರುವ ಸೀಮೆಯಲ್ಲಿ ಮೂರು ದಿನಕ್ಕೆ ಬೇಕಿಲ್ಲ. ಫ್ರಿಜ್ ಬಂದರೆ ಎರಡನೇ ಬ್ಯಾಟರಿ, ಬ್ಯಾಟರಿ ಬಂದರೆ ಚಾರ್ಜರ್, ಎಲ್ಲ ಸೇರಿ 35 ಕೆಜಿ ದಾಟುತ್ತದೆ. ಬೇಕೇ ಬೇಕು ಎನ್ನುವವರಿಗೆ ಲೆಕ್ಕ ಹೀಗಿದೆ. 40 ಲೀಟರಿನ ಕಂಪ್ರೆಸರ್ ಫ್ರಿಜ್ 45 ವ್ಯಾಟ್ ಎಳೆಯುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಅರ್ಧ ಹೊತ್ತು ಓಡಿತು ಅಂದರೂ ದಿನಕ್ಕೆ 540 ವ್ಯಾಟ್ ಅವರ್. 12.8 ವೋಲ್ಟಿನ 100 ಆಂಪ್ ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ಇದೆ, ಎರಡು ದಿನಕ್ಕೆ ಸಾಕು. ಇದನ್ನು ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿಗೆ ನೇರ ಜೋಡಿಸಬೇಡಿ. ಲಿಥಿಯಂ ಸಿಕ್ಕಷ್ಟೂ ಕರೆಂಟ್ ಎಳೆದು ಆಲ್ಟರ್ನೇಟರ್ ಸುಡುತ್ತದೆ. ಹೊಸ ಗಾಡಿಗಳಲ್ಲಿ ಆಲ್ಟರ್ನೇಟರ್ ವೋಲ್ಟೇಜನ್ನು ತಾನೇ ಇಳಿಸಿಕೊಳ್ಳುವುದರಿಂದ ಬ್ಯಾಟರಿ ಪೂರ್ತಿ ತುಂಬುವುದೂ ಇಲ್ಲ. ನಡುವೆ ಕರೆಂಟು, ವೋಲ್ಟೇಜು ಎರಡನ್ನೂ ಹದದಲ್ಲಿಡುವ 20 ಆಂಪಿನ ಡಿಸಿ-ಡಿಸಿ ಚಾರ್ಜರ್, 10 ಚದರ ಎಂಎಂ ತಾಮ್ರದ ವೈರು ಹಾಕಿ. ವೈರಿನ ಎರಡೂ ತುದಿಗೆ, ಬ್ಯಾಟರಿಯಿಂದ ಒಂದು ಗೇಣಿನೊಳಗೆ 40 ಆಂಪ್ ಫ್ಯೂಸ್ ಕೂಡಿಸಿ. ಎರಡೂ ಕಡೆ ಯಾಕೆಂದರೆ ಎರಡೂ ಕಡೆ ಬ್ಯಾಟರಿ ಇದೆ. ನಡುವೆ ವೈರು ಉಜ್ಜಿ ತಗಡಿಗೆ ತಾಕಿದರೆ ಬೆಂಕಿ ಎತ್ತ ಕಡೆಯಿಂದಲೂ ಬರಬಹುದು. ಲಿಥಿಯಂ ಬ್ಯಾಟರಿ ಬಾನೆಟ್ ಕೆಳಗೆ ಬೇಡ, ಸೀಟಿನ ಹಿಂದೆ ಇರಲಿ.

ನೀರು ಇಬ್ಬರಿಗೆ ಮೂರು ದಿನಕ್ಕೆ 40 ಲೀಟರ್, ಎರಡು ಕ್ಯಾನಿನಲ್ಲಿ. ಒಂದು ಸೋರಿದರೆ ಇನ್ನೊಂದು ಉಳಿಯುತ್ತದೆ. ಕ್ಯಾನುಗಳನ್ನು ಹಿಂದಿನ ಆಕ್ಸಲಿನ ಮುಂದೆ, ನೆಲಮಟ್ಟದಲ್ಲಿ ಕಟ್ಟಿ. ಬೋರಿನ ನೀರು ಎಷ್ಟೋ ಕಡೆ ಸವಳು, ಊರಿನ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿಕೊಳ್ಳುವುದು ವಾಸಿ. ಗಾಳಿಗೆ ಅಡ್ಡ ಎಂದು ಕ್ಯಾನಿಸ್ಟರ್ ಒಲೆಯ (ಪುಟ್ಟ ಗ್ಯಾಸ್ ಡಬ್ಬಿಯ ಒಲೆ) ಸುತ್ತ ತಗಡು ಮುಚ್ಚಬೇಡಿ. ಕ್ಯಾನಿಸ್ಟರ್ ಕಾದು ಸಿಡಿಯುತ್ತದೆ.

ತಂಗುವ ಜಾಗ ಹೊಲವಾದರೆ ಮಾಲಕರನ್ನು ಕೇಳಿ. ಭೀಮಗಡ ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಲೈಟಿಲ್ಲದ ಜೋಡಿ ಟ್ರೇಲರುಗಳು ರಾತ್ರಿಯಿಡೀ ರಸ್ತೆಯಲ್ಲಿರುತ್ತವೆ, ಕತ್ತಲಾಗುವ ಮೊದಲೇ ಟೆಂಟ್ ಹೊಡೆಯಿರಿ.

ಹೊಸದಾಗಿ ಹಾಕಿಸಿದ ಎಲ್ಲ ಬೋಲ್ಟುಗಳನ್ನು ಮೊದಲ ನೂರು ಕಿಲೋಮೀಟರ್ ಕಚ್ಚಾ ದಾರಿಯ ನಂತರ ಪಾನಾ ಹಿಡಿದು ಮತ್ತೆ ಬಿಗಿ ಮಾಡಿ. ಮನೆಗೆ ಬಂದ ದಿನವೇ ಕೆಳಗಿನ ಎರೆಯನ್ನು ನೀರು ಬಿಟ್ಟು ತೊಳೆಯಿರಿ. ಒಣಗಿದ ಮೇಲೆ ಅದು ಇಟ್ಟಿಗೆಯಾಗುತ್ತದೆ, ಗಾಲಿಯೊಳಗೆ ಒಂದೇ ಕಡೆ ಕೂತರೆ ಎಂಬತ್ತರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ, ನೀವು ಅಲೈನ್‌ಮೆಂಟ್ ಕೆಟ್ಟಿತು ಎಂದು ಗ್ಯಾರೇಜಿಗೆ ಓಡುತ್ತೀರಿ.